ಹುಕುಮಿನ ಮುಂದೆ ಮನಸ್ಸಾಕ್ಷಿ



ಕಾನೂನು ಮತ್ತು ಸಮಾಜದ ಸಂಬಂಧವನ್ನು ಕುರಿತು ವರ್ಷಕ್ಕೊಮ್ಮೆ ಜನರ ಮುಂದೆ ಮಾತು ನಡೆಯಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ಆ ಆಶಯಕ್ಕೆ ತಕ್ಕಂತೆ ಒಂದು ಹಳೆಯ ಪ್ರಶ್ನೆಯನ್ನು ಆರಿಸಿಕೊಂಡಿದ್ದೇನೆ. ಪರಕೀಯ ಆಳ್ವಿಕೆಯ ಕಾಲದಲ್ಲಿ ಕಾನೂನನ್ನು ಜಾರಿಗೊಳಿಸುವ ಕೆಲಸದಲ್ಲಿದ್ದ ಮನುಷ್ಯನಿಗೆ, ತಾನು ಮಾಡುತ್ತಿರುವುದು ಅನ್ಯಾಯ ಎಂದು ಒಳಗೇ ಅನ್ನಿಸಿದಾಗ, ಅವನ ಮನಸ್ಸಾಕ್ಷಿ ಏನು ಮಾಡಿತು? ಏನು ಮಾಡಲು ಅದಕ್ಕೆ ಸಾಧ್ಯವಿತ್ತು?

ಮೊದಲು ನನ್ನ ಮಾತಿನ ಎಲ್ಲೆಯನ್ನು ಹೇಳಿಬಿಡುತ್ತೇನೆ. ಕ್ರೂರಿಗಳ ವಿಷಯ ಇಲ್ಲಿಲ್ಲ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಲು ಹುಕುಂ ಕೊಟ್ಟ ಸೇನಾಧಿಕಾರಿ ಡಯರನಿಗೆ ತಾನು ಮಾಡಿದ್ದು ಸರಿಯೆಂಬುದರಲ್ಲಿ ಅನುಮಾನವಿರಲಿಲ್ಲ. ಅದರ ತನಿಖೆಗೆ ಕೂತ ಹಂಟರ್ ಸಮಿತಿಯ ಮುಂದೆಯೂ ಅವನು ಅದನ್ನೇ ಸಮರ್ಥಿಸಿಕೊಂಡ. ಒಳಗೆ ತಿಕ್ಕಾಟವೇ ಇಲ್ಲದವರಿಂದ ನಮ್ಮ ಪ್ರಶ್ನೆಗೆ ಉತ್ತರ ಸಿಗದು. ನಾನು ಎತ್ತಿಕೊಳ್ಳುವುದು ಒಳ್ಳೆಯವರ ಪ್ರಸಂಗಗಳನ್ನು. ಸುರಪುರದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್, ಅಹಮದಾಬಾದಿನ ನ್ಯಾಯಾಧೀಶ ಬ್ರೂಮ್‌ಫೀಲ್ಡ್, ಬರ್ಮಾದ ಪೊಲೀಸ್ ಅಧಿಕಾರಿ ಎರಿಕ್ ಬ್ಲೇರ್, ಪೇಶಾವರದ ಹವಾಲ್ದಾರ ಚಂದ್ರಸಿಂಗ್ ಗಢವಾಲಿ, ಈ ನಾಲ್ವರನ್ನು ಕಾಲಾನುಕ್ರಮದಲ್ಲಿ ನೋಡೋಣ. ಕೊನೆಯಲ್ಲಿ ಇವರಿಂದ ನಮ್ಮ ಇಂದಿನ ವ್ಯವಸ್ಥೆ ಕಲಿಯಬೇಕಾದ ಒಂದು ಪಾಠವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯ ಪ್ರಸಂಗ ನಮ್ಮ ನೆಲದ್ದೇ. ಇಂದಿನ ಯಾದಗಿರಿ ಜಿಲ್ಲೆಯ ಸುರಪುರ ಬೇಡ ನಾಯಕರ ಸಂಸ್ಥಾನ. 1705ರಲ್ಲಿ ಔರಂಗಜೇಬ ತನ್ನ ಇಳಿವಯಸ್ಸಿನಲ್ಲಿ ಮುತ್ತಿಗೆ ಹಾಕಿದ ವಾಗಿನಗೇರಾ ಕೋಟೆ ಇವರದೇ. 1841ರಲ್ಲಿ ಸಂಸ್ಥಾನದ ಹಣಕಾಸು, ಉತ್ತರಾಧಿಕಾರ ಎರಡೂ ಗೋಜಲಾಗಿದ್ದಾಗ ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಫ್ರೇಸರ್ ಒಬ್ಬ ಅಧಿಕಾರಿಯನ್ನು ಅಲ್ಲಿಗೆ ಕಳಿಸಿದರು. ಅವರೇ ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲಿ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು, ನಿಜಾಮನ ಸೈನ್ಯ ಸೇರಿದವರು. ಇಪ್ಪತ್ತರ ಆಸುಪಾಸಿನಲ್ಲಿಯೇ ನಿಜಾಮನ ರಾಜ್ಯದ ನೈರುತ್ಯ ಭಾಗದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದರು. ಠಕ್ಕರ ಪಾತಕಗಳನ್ನು ಕುರಿತು 1839ರಲ್ಲಿ ಬರೆದ ಕಾದಂಬರಿ ಅವರಿಗೆ ಇಂಗ್ಲೆಂಡಿನಲ್ಲಿ ಹೆಸರು ತಂದಿತ್ತು.

ಸುರಪುರದ ಅರಸುಕುವರ ವೆಂಕಟಪ್ಪ ನಾಯಕ ಆಗ ಸುಮಾರು ಏಳು ವರ್ಷದ ಹುಡುಗ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ರಾಜಬಂಧುಗಳು ಇನ್ನೊಂದು ಕಡೆ. ನಡುವೆ ಟೇಲರ್ ಹುಡುಗನ ಪೋಷಕರಾಗಿ, ಸಂಸ್ಥಾನದ ಆಡಳಿತಗಾರರಾಗಿ 1853ರವರೆಗೆ ನಿಂತರು. ಕಂದಾಯದ ಲೆಕ್ಕ ಸರಿಪಡಿಸಿದರು, ಕೆರೆ ರಸ್ತೆಗಳ ಕೆಲಸ ಮಾಡಿಸಿದರು, ಹುಡುಗನಿಗೆ ಪಾಠದ ಏರ್ಪಾಟು ಮಾಡಿದರು. ಸುರಪುರದ ಗುಡ್ಡದ ಮೇಲಿನ ಅವರ ಬಂಗಲೆಯನ್ನು ಊರಿನವರು ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತಾರೆ. ಹುಡುಗ ಅವರನ್ನು ಕರೆಯುತ್ತಿದ್ದದ್ದು ‘ಅಪ್ಪಾ’ ಎಂದು. ಇಂಗ್ಲಿಷಿನಲ್ಲಿ ಬರೆದ ತಮ್ಮ ಆತ್ಮಕಥೆಯಲ್ಲಿ ಟೇಲರ್ ಈ ಕನ್ನಡದ ಕರೆಯನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ.

1858ರ ಫೆಬ್ರುವರಿಯಲ್ಲಿ, ಪ್ರಾಯಕ್ಕೆ ಬಂದು ಗದ್ದುಗೆಯಲ್ಲಿದ್ದ ವೆಂಕಟಪ್ಪ ನಾಯಕ ಕಂಪನಿ ಸರ್ಕಾರದ ವಿರುದ್ಧ ಎದ್ದ. ದಂಗೆ ಬೇಗ ಅಡಗಿತು. ಅರಸ ಹೈದರಾಬಾದಿಗೆ ಹೋಗಿ ಸೆರೆಸಿಕ್ಕ. ವಿಚಾರಣೆ ನಡೆಯುತ್ತಿದ್ದಾಗ ಸೆರೆಮನೆಯಲ್ಲಿ ಟೇಲರ್ ಅವನನ್ನು ಕಂಡರು. ಈ ಭೇಟಿಯ ಹತ್ತಿರ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಯಾರ ಪ್ರೇರಣೆಯಿಂದ ದಂಗೆಯೆದ್ದೆನೆಂದು ಹೆಸರು ಹೇಳಿದರೆ ಸರ್ಕಾರದ ದಯೆ ದೊರಕೀತೆಂಬ ಆಸೆ ಅರಸನ ಮುಂದಿತ್ತು. ಅವನು ಯಾರ ಹೆಸರನ್ನೂ ಹೇಳಲೊಪ್ಪಲಿಲ್ಲ. ಜೀವಭಿಕ್ಷೆ ಬೇಡುವುದಿಲ್ಲವೆಂದ. ಕಳ್ಳನಂತೆ ನೇಣಿಗೆ ಹಾಕಬೇಡಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದ. ಸಾವಿಗಿಂತ ಕರಿನೀರು, ಸೆರೆವಾಸಗಳೇ ತನಗೆ ಭಯಂಕರ, ತನ್ನ ಪ್ರಜೆಗಳಲ್ಲಿ ತೀರ ಬಡವನೂ ಸೆರೆಯಲ್ಲಿ ಬದುಕಲು ಒಪ್ಪಲಾರ ಎಂದ. ಇದನ್ನು ಕೇಳಿಸಿಕೊಂಡವರು ಅವನ ‘ಅಪ್ಪ’. ಕೇಳಿ ದಾಖಲಿಸಿದವರೂ ಅವರೇ.

ಮುಂದೆ ಮರಣದಂಡನೆಯ ತೀರ್ಪು ಬಂತು. ಅದು ಜೀವಾವಧಿ ಗಡೀಪಾರಿಗೆ ಇಳಿಯಿತು. ಗವರ್ನರ್ ಜನರಲ್ ಅದನ್ನು ಮದರಾಸಿನ ಹತ್ತಿರದ ಚೆಂಗಲ್‌ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಸಿದರು. ಸರ್ಕಾರದ ಕಣ್ಣಿಗೆ ಅದು ದೊಡ್ಡ ಕರುಣೆ. ಟೇಲರ್ ಅವರಿಗೂ ಅದು ನೆಮ್ಮದಿ ತಂದಿತು. ಆದರೆ ಯಾವುದನ್ನು ಸಾವಿಗಿಂತ ಕಡೆಯೆಂದು ಅರಸ ಹೇಳಿದ್ದನೋ ಅದೇ ಅವನ ಪಾಲಿಗೆ ಬಂದಿತ್ತು. ಚೆಂಗಲ್‌ಪಟ್ಟಿನ ದಾರಿಯ ಮೊದಲ ಬಿಡಾರದಲ್ಲೇ ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ಅವನು ಸತ್ತ. ಆಗ ಅವನಿಗೆ ಇಪ್ಪತ್ತನಾಲ್ಕರ ಪ್ರಾಯ. ಸುರಪುರದ ಆಡಳಿತ ಮತ್ತೆ ಟೇಲರ್ ಅವರ ಕೈಗೆ ಬಂತು. 1860ರಲ್ಲಿ ಬ್ರಿಟಿಷ್ ಸರ್ಕಾರ ಸಂಸ್ಥಾನವನ್ನು ನಿಜಾಮನಿಗೆ ಇನಾಮಾಗಿ ಕೊಟ್ಟಿತು. ಅದೇ ವರ್ಷ ಟೇಲರ್ ಭಾರತ ಬಿಟ್ಟರು.

ಟೇಲರ್ ಅವರ ಮಮತೆ ಸುಳ್ಳಲ್ಲ. ಸುಳ್ಳಾಗಿದ್ದರೆ ಅರಸನ ಆ ಮಾತುಗಳು ನಮಗೆ ದಕ್ಕುತ್ತಲೇ ಇರಲಿಲ್ಲ. ಆದರೆ ಆ ಮಮತೆ ಕೆಲಸ ಮಾಡಿದ್ದೆಲ್ಲ ಮನುಷ್ಯರಿಬ್ಬರ ನಡುವೆ. ಈ ಯುವಕನ ನಾಡಿನ ಮೇಲೆ ನಮಗೇನು ಹಕ್ಕು ಎಂದು ಕೇಳುವ ಜಾಗ ಅವರ ಹುದ್ದೆಯಲ್ಲಿರಲಿಲ್ಲ. ಅವರೂ ಆ ಜಾಗವನ್ನು ಹುಡುಕಲಿಲ್ಲ. ಮನಸ್ಸಾಕ್ಷಿಗೆ ಮಮತೆಯಾಗಿ ಇರಲು ಸಾಮ್ರಾಜ್ಯ ಅನುಮತಿ ಕೊಟ್ಟಿತ್ತು, ಪ್ರಶ್ನೆಯಾಗಲು ಕೊಟ್ಟಿರಲಿಲ್ಲ. ಇದು ನಾನು ಹೇಳಬೇಕಾದ ಮೊದಲ ಮಾತು.

ಇನ್ನು ಎರಡನೆಯ ಪ್ರಸಂಗಕ್ಕೆ ಬರೋಣ. ಇದು ನ್ಯಾಯಪೀಠದ್ದು.

ಭಾರತೀಯ ದಂಡಸಂಹಿತೆಗೆ 1870ರಲ್ಲಿ ರಾಜದ್ರೋಹದ 124ಎ ಕಲಮು ಸೇರಿತು. 1897ರಲ್ಲಿ ಬಾಲಗಂಗಾಧರ ತಿಲಕರು ಈ ಕಲಮಿನಡಿ ಬಂಧಿತರಾದಾಗ ಅವರ ಪರ ವಾದಿಸಿ ಜಾಮೀನು ಕೊಡಿಸಿದ ವಕೀಲರು ದಿನ್ಷಾ ದಾವರ್. 1908ರಲ್ಲಿ ತಿಲಕರ ಮೇಲೆ ಎರಡನೆಯ ಬಾರಿ ಅದೇ ಆರೋಪ ಬಂದಾಗ ಅದೇ ದಾವರ್ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರು. ಈ ಸಲ ಅವರು ಜಾಮೀನು ನಿರಾಕರಿಸಿದರು. ಒಂಬತ್ತು ಜನರ ಜೂರಿಯಲ್ಲಿ ಏಳು ಮಂದಿ ಯೂರೋಪಿಯನ್ನರು ತಪ್ಪಿತಸ್ಥ ಎಂದರು, ಇಬ್ಬರು ಭಾರತೀಯರು ಅಲ್ಲ ಎಂದರು. ‘ಕೇಸರಿ’ಯ ಮರಾಠಿ ಲೇಖನಗಳ ಮೇಲೆ ನಡೆದ ಆ ವಿಚಾರಣೆಯಲ್ಲಿ ಬಹುಮತದವರು ನಂಬಬೇಕಾಗಿದ್ದು ಅನುವಾದವನ್ನು. ದಾವರ್ ಆರು ವರ್ಷದ ಗಡೀಪಾರು ವಿಧಿಸಿದರು. ತಿಲಕರನ್ನು ಬರ್ಮಾದ ಮಂಡಾಲೆ ಸೆರೆಮನೆಗೆ ಒಯ್ದರು. ಅಲ್ಲಿ ಅವರು ಬರೆದದ್ದು ‘ಗೀತಾರಹಸ್ಯ’. ಕರ್ತವ್ಯ ಎಂದರೇನು, ಅದನ್ನು ಏಕೆ ಮಾಡಬೇಕು ಎಂಬುದನ್ನೇ ವಿಚಾರಿಸುವ ಗ್ರಂಥ. ಅದನ್ನು ಕನ್ನಡಕ್ಕೆ ತಂದವರು ಆಲೂರು ವೆಂಕಟರಾಯರು.

ಹದಿನಾಲ್ಕು ವರ್ಷದ ಮೇಲೆ, 1922ರ ಮಾರ್ಚ್ 18ರಂದು, ಅಹಮದಾಬಾದಿನ ಸರ್ಕಿಟ್ ಹೌಸಿನಲ್ಲಿ ಗಾಂಧೀಜಿಯ ವಿಚಾರಣೆ ನಡೆಯಿತು. ಕಲಮು ಅದೇ 124ಎ. ‘ಯಂಗ್ ಇಂಡಿಯಾ’ದ ಮೂರು ಲೇಖನಗಳ ಮೇಲೆ ಆರೋಪ, ಮುದ್ರಕ ಶಂಕರಲಾಲ ಬ್ಯಾಂಕರ್ ಸಹ ಆರೋಪಿ. ಗಾಂಧೀಜಿ ತಪ್ಪೊಪ್ಪಿಕೊಂಡದ್ದಲ್ಲದೆ ನ್ಯಾಯಾಧೀಶರ ಮುಂದೆ ಎರಡೇ ದಾರಿಗಳನ್ನಿಟ್ಟರು. ಈ ಕಾನೂನು ಕೆಟ್ಟದ್ದೆಂದು ನಿಮಗೆ ಅನ್ನಿಸಿದರೆ ಹುದ್ದೆ ಬಿಡಿ. ಒಳ್ಳೆಯದೆಂದು ನಂಬಿದ್ದರೆ ಅತ್ಯಂತ ಕಠಿಣ ಶಿಕ್ಷೆಯನ್ನೇ ಕೊಡಿ. ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಎರಡನ್ನೂ ಮಾಡಲಿಲ್ಲ. ಆಸನದಲ್ಲಿ ಕೂರುವ ಮುನ್ನ ಆರೋಪಿಗೆ ತಲೆಬಾಗಿ ವಂದಿಸಿದರು. ತಾವು ವಿಚಾರಿಸಿದ ಯಾರಂತೆಯೂ ಈ ಆರೋಪಿ ಇಲ್ಲ, ಲಕ್ಷಾಂತರ ಜನರಿಗೆ ಇವರು ದೊಡ್ಡ ದೇಶಭಕ್ತರು ಎಂದು ತೀರ್ಪಿನಲ್ಲೇ ಒಪ್ಪಿಕೊಂಡರು. ತಿಲಕರಿಗೆ ಕೊಟ್ಟಿದ್ದ ಆರು ವರ್ಷವನ್ನೇ ಮಾದರಿಯಾಗಿಟ್ಟುಕೊಂಡು ಆರು ವರ್ಷದ ಸಾದಾ ಸಜೆ ವಿಧಿಸಿ, ಮುಂದೆ ಸರ್ಕಾರ ಅದನ್ನು ಕಡಿಮೆ ಮಾಡಿದರೆ ತಮಗಿಂತ ಹೆಚ್ಚು ಸಂತೋಷಪಡುವವರು ಇರಲಾರರು ಎಂದರು.

ಈ ಸಭ್ಯತೆಯನ್ನು ನಾವು ಸರಿಯಾಗಿಯೇ ಮೆಚ್ಚುತ್ತೇವೆ. ಆದರೆ ಮೆಚ್ಚುಗೆಯಲ್ಲೇ ಮಾತು ಮುಗಿಸಬಾರದು. ಬ್ರೂಮ್‌ಫೀಲ್ಡ್ ಅವರ ಬದುಕಿನ ಇನ್ನೊಂದು ಪುಟ ನಮ್ಮ ಪ್ರಶ್ನೆಗೆ ಹೆಚ್ಚು ಬೆಳಕು ಕೊಡುತ್ತದೆ. 1928ರಲ್ಲಿ ಬಾರ್ಡೋಲಿಯ ರೈತರು ಕಂದಾಯದ ಶೇಕಡಾ 22ರ ಏರಿಕೆಯನ್ನು ವಿರೋಧಿಸಿ ವಲ್ಲಭಭಾಯಿ ಪಟೇಲರ ನಾಯಕತ್ವದಲ್ಲಿ ಸತ್ಯಾಗ್ರಹ ಹೂಡಿದರು. ಆ ಹೋರಾಟದಲ್ಲಿ ಹಲವು ಊರ ಪಟೇಲರು, ತಲಾಟಿಗಳು ಸರ್ಕಾರದ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಸರ್ಕಾರ ಕೊನೆಗೆ ಒಂದು ವಿಚಾರಣೆಗೆ ಒಪ್ಪಿತು. ಅದನ್ನು ನಡೆಸಿದವರು ಕಂದಾಯ ಅಧಿಕಾರಿ ಮ್ಯಾಕ್ಸ್‌ವೆಲ್ ಮತ್ತು ಇದೇ ಬ್ರೂಮ್‌ಫೀಲ್ಡ್. ಏರಿಕೆಗೆ ಆಧಾರವಿಲ್ಲವೆಂದು ಕಂಡುಕೊಂಡು ಅವರು ಅದನ್ನು ಶೇಕಡಾ 6ರ ಆಸುಪಾಸಿಗೆ ಇಳಿಸಿದರು.

ಮನುಷ್ಯ ಒಬ್ಬನೇ, ಮನಸ್ಸಾಕ್ಷಿಯೂ ಒಂದೇ. 1922ರಲ್ಲಿ ಅದು ವಂದನೆಯಾಗಿ, ವಿಷಾದವಾಗಿ ಹೊರಬಂತು. ಕೈದಿ ಸೆರೆಮನೆಗೆ ಹೋದರು. ಮುಂದೆ ಬಾರ್ಡೋಲಿಯಲ್ಲಿ ಅದು ಸಾವಿರಾರು ರೈತರ ಹೊರೆಯನ್ನು ಇಳಿಸಿತು. ಅಹಮದಾಬಾದಿನಲ್ಲಿ ಅವರಿಗೆ ಉಳಿದಿದ್ದ ಪ್ರಶ್ನೆ ಎಷ್ಟು ವರ್ಷ ಎಂಬುದೊಂದೇ. ಬಾರ್ಡೋಲಿಯಲ್ಲಿ ಅವರಿಗೆ ಒಪ್ಪಿಸಿದ ಕೆಲಸವೇ ಇದು ಸರಿಯೇ ಎಂದು ಕೇಳುವುದು. ಆ ಜಾಗವನ್ನು ಕೊಡಿಸಿದ್ದು ಸರ್ಕಾರದ ಉದಾರತೆಯಲ್ಲ, ಹೊಲಮನೆ ಜಪ್ತಿಯಾದರೂ ಬಗ್ಗದ ರೈತರ ಹೋರಾಟ. ಹುದ್ದೆಯೊಳಗೆ ಪ್ರಶ್ನೆಗೆ ಜಾಗವಿದ್ದಾಗ ಒಳ್ಳೆಯ ಮನಸ್ಸು ನ್ಯಾಯ ಮಾಡುತ್ತದೆ. ಜಾಗವಿಲ್ಲದಾಗ ಅದೇ ಮನಸ್ಸು ಸೌಜನ್ಯದಲ್ಲಿ ನಿಂತುಬಿಡುತ್ತದೆ. ಇದು ಎರಡನೆಯ ಮಾತು.

ಮೂರನೆಯ ಪ್ರಸಂಗ ನಮ್ಮನ್ನು ಮತ್ತೆ ಮಂಡಾಲೆಗೆ ಕರೆದೊಯ್ಯುತ್ತದೆ. ಗಾಂಧೀಜಿ ಸೆರೆಮನೆಗೆ ಹೋದ ವರ್ಷದ ಕೊನೆಯಲ್ಲೇ, ಹತ್ತೊಂಬತ್ತರ ತರುಣ ಎರಿಕ್ ಬ್ಲೇರ್ ಮಂಡಾಲೆಯ ಪೊಲೀಸ್ ತರಬೇತಿ ಶಾಲೆಗೆ ಬಂದರು. ಮುಂದೆ ಜಗತ್ತು ಅವರನ್ನು ಜಾರ್ಜ್ ಆರ್ವೆಲ್ ಎಂಬ ಹೆಸರಿನಿಂದ ಓದಿತು. ಹುಟ್ಟಿದ್ದು 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ. ತಂದೆ ಸರ್ಕಾರದ ಅಫೀಮು ಇಲಾಖೆಯ ನೌಕರರು. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ. ಟ್ವಾಂಟೆ, ಸಿರಿಯಂ, ಇನ್‌ಸೇನ್, ಮೌಲ್‌ಮೇನ್, ಕಾಥಾ ಹೀಗೆ ಊರೂರು ಸುತ್ತಿ ಅವರು ಐದು ವರ್ಷ ಪೊಲೀಸ್ ಅಧಿಕಾರಿಯಾಗಿ ದುಡಿದರು.

ನೇಣುಗಂಬದ ಬಗ್ಗೆ, ಆನೆಯನ್ನು ಗುಂಡಿಕ್ಕಿ ಕೊಂದದ್ದರ ಬಗ್ಗೆ ಅವರು ಬರೆದ ಪ್ರಬಂಧಗಳು ನಿಮ್ಮಲ್ಲಿ ಹಲವರ ಪಠ್ಯದಲ್ಲಿವೆ. ಆದ್ದರಿಂದ ಅವನ್ನು ಬಿಟ್ಟು, 1937ರ ಒಂದು ಪುಸ್ತಕದಲ್ಲಿ ಅವರು ಹೇಳಿರುವ ಎರಡು ಸಣ್ಣ ಘಟನೆಗಳನ್ನು ಎತ್ತಿಕೊಳ್ಳುತ್ತೇನೆ. ಒಮ್ಮೆ ಠಾಣೆಯಲ್ಲಿ ಕೆಳಗಿನ ಅಧಿಕಾರಿಯೊಬ್ಬ ಶಂಕಿತನನ್ನು ಗದರಿಸಿ ಬೆದರಿಸುತ್ತಿದ್ದ. ಅಲ್ಲಿದ್ದ ಅಮೆರಿಕದ ಪಾದ್ರಿಯೊಬ್ಬರು ಅದನ್ನು ನೋಡಿ, ಬ್ಲೇರ್ ಕಡೆ ತಿರುಗಿ, ನಿಮ್ಮ ಕೆಲಸ ನನಗೆ ಬೇಡಪ್ಪ ಎಂಬರ್ಥದ ಮಾತಾಡಿದರು. ಆ ಒಂದು ಮಾತಿಗೆ ಬ್ಲೇರ್ ನಾಚಿ ಹೋದರು. ಇನ್ನೊಮ್ಮೆ ರಾತ್ರಿ ರೈಲಿನಲ್ಲಿ ಶಿಕ್ಷಣ ಇಲಾಖೆಯ ಇಂಗ್ಲಿಷ್ ಅಧಿಕಾರಿಯೊಬ್ಬರು ಜೊತೆಯಾದರು. ಹೆಸರು ಕೇಳಲಿಲ್ಲ, ಹೇಳಲಿಲ್ಲ. ಇಬ್ಬರಿಗೂ ನಿದ್ದೆ ಬಾರದೆ, ಒಬ್ಬರನ್ನೊಬ್ಬರು ಅಳೆದು ನೋಡಿ, ಕೊನೆಗೆ ಇಡೀ ರಾತ್ರಿ ಸಾಮ್ರಾಜ್ಯವನ್ನು ಶಪಿಸುತ್ತ ಕೂತರು. ಬೆಳಗಾಗಿ ಮಂಡಾಲೆ ಬಂದಾಗ ಪಾಪ ಮಾಡಿದವರಂತೆ ತಲೆತಪ್ಪಿಸಿಕೊಂಡು ಬೇರೆ ಬೇರೆ ದಾರಿ ಹಿಡಿದರು.

ಆ ರೈಲಿನ ಬೋಗಿ ನಮಗೆ ಬಹಳ ಹೇಳುತ್ತದೆ. ಆಳುವವರ ನಡುವೆಯೇ ಅನುಮಾನಗಳಿದ್ದವು, ಆದರೆ ಕತ್ತಲೆಯಲ್ಲಿ, ಅಪರಿಚಿತನೆದುರು, ಬಾಗಿಲು ಮುಚ್ಚಿದ ಮೇಲೆ ಮಾತ್ರ ಅವಕ್ಕೆ ಬಾಯಿ. ಬೆಳಗ್ಗೆ ಸಮವಸ್ತ್ರ ಮತ್ತೆ ತನ್ನ ಕೆಲಸ ಮಾಡುತ್ತಿತ್ತು. ಬ್ಲೇರ್ 1927ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದವರು ನೌಕರಿಗೆ ರಾಜೀನಾಮೆ ಕೊಟ್ಟರು. ತಾವು ಶಿಕ್ಷೆಗೆ ಒಳಪಡಿಸಿದವರ ಮುಖಗಳು, ಸಿಟ್ಟಿನಲ್ಲಿ ಕೈಮಾಡಿದ ಆಳುಗಳ ಮುಖಗಳು ತಮ್ಮನ್ನು ಬಿಡಲಿಲ್ಲವೆಂದು ಮುಂದೆ ಬರೆದುಕೊಂಡರು. ಅವರ ಬರಹ ಸಾಮ್ರಾಜ್ಯದ ಒಳಗನ್ನು ಬಯಲು ಮಾಡಿತು. ಅದರ ಬೆಲೆ ದೊಡ್ಡದು. ಆದರೆ ಇನ್‌ಸೇನಿನ ಕೈದಿಗೆ, ಪೆಟ್ಟು ತಿಂದ ಆಳಿಗೆ ಅದು ತಲುಪಲಿಲ್ಲ. ತಡವಾಗಿ ಬಾಯಿಬಿಟ್ಟ ಮನಸ್ಸಾಕ್ಷಿ ಮುಂದಿನವರಿಗೆ ಉಪಕಾರ ಮಾಡಬಲ್ಲದು, ಎದುರಿಗಿದ್ದವನಿಗಲ್ಲ. ಇದು ಮೂರನೆಯ ಮಾತು.

ಇಲ್ಲಿಯವರೆಗೆ ನೋಡಿದ ಮೂವರೂ ಅಧಿಕಾರದ ಮೇಲಿನ ಮೆಟ್ಟಿಲಿನವರು. ಕೆಲಸ ಬಿಟ್ಟರೆ ಹೋಗಲು ಅವರಿಗೊಂದು ದೇಶವಿತ್ತು, ಬರೆಯಲು ಭಾಷೆಯಿತ್ತು, ಓದುವವರಿದ್ದರು. ಕೆಳಗಿನ ಪೇದೆಯ ಸ್ಥಿತಿ ಏನಾಗಿತ್ತು? 1857ರ ದಂಗೆಯ ಬೆನ್ನಲ್ಲೇ ಬಂದ 1861ರ ಪೊಲೀಸ್ ಕಾಯ್ದೆಯನ್ನು ತೆರೆದು ನೋಡಿ. ಮೇಲಧಿಕಾರಿಯ ಅಪ್ಪಣೆಯಿಲ್ಲದೆ, ಇಲ್ಲವೇ ಎರಡು ತಿಂಗಳ ಲಿಖಿತ ಸೂಚನೆಯಿಲ್ಲದೆ, ಪೊಲೀಸಿನವನು ಕೆಲಸ ಬಿಡುವಂತಿಲ್ಲ. ಬಿಟ್ಟರೆ ಮೂರು ತಿಂಗಳ ಸಂಬಳದವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ. ಗಾಂಧೀಜಿ ಬ್ರೂಮ್‌ಫೀಲ್ಡ್ ಅವರ ಮುಂದಿಟ್ಟ ರಾಜೀನಾಮೆಯ ದಾರಿ ಪೇದೆಗೆ ಅಷ್ಟು ಸುಲಭವಾಗಿ ತೆರೆದಿರಲಿಲ್ಲ. ಇದಕ್ಕೆ ಮನೆಯ ಬಡತನ ಸೇರಿತು. ಉಂಡ ಮನೆಗೆ ಎರಡು ಬಗೆಯಬಾರದೆಂಬ ನಮ್ಮ ಜನರ ನಿಷ್ಠೆಯೂ ಸೇರಿತು. ಆ ನಿಷ್ಠೆಯನ್ನು ಸಾಮ್ರಾಜ್ಯ ಚೆನ್ನಾಗಿ ಬಳಸಿಕೊಂಡಿತು.

ಈಗ ನಾಲ್ಕನೆಯ ಪ್ರಸಂಗ. 1930ರ ಏಪ್ರಿಲ್ 23, ಪೇಶಾವರದ ಕಿಸ್ಸಾ ಖ್ವಾನಿ ಬಜಾರು. ಕಾನೂನು ಸುವ್ಯವಸ್ಥೆ ಕಾಪಾಡಲು ಪೊಲೀಸರಿಗೆ ಬೆಂಬಲವಾಗಿ ಸೈನ್ಯವನ್ನು ಕರೆಸಿದ್ದರು. ಎದುರಿಗೆ ನಿರಾಯುಧ ಪಠಾಣರ ಗುಂಪು. ಅಂದು ಬೇರೆ ತುಕಡಿಗಳು ಗುಂಡು ಹಾರಿಸಿ ಬಹಳ ಜನ ಸತ್ತರು. ಆದರೆ ರಾಯಲ್ ಗಢವಾಲ್ ರೈಫಲ್ಸಿನ ಹಿಂದೂ ಸಿಪಾಯಿಗಳು ಮುಸಲ್ಮಾನರ ಆ ಗುಂಪಿನ ಮೇಲೆ ಗುಂಡು ಹಾರಿಸಲು ನಿರಾಕರಿಸಿದರು. ಅವರ ಮುಂದಾಳು ಹವಾಲ್ದಾರ ಚಂದ್ರಸಿಂಗ್, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲೂ ಮೆಸೊಪೊಟೇಮಿಯಾದಲ್ಲೂ ಬ್ರಿಟಿಷರ ಪರ ಕಾದಾಡಿ ಬಂದವರು. ಸಾವಿಗೆ ಹೆದರಿದವರಲ್ಲ, ಶಿಸ್ತು ಅರಿಯದವರಲ್ಲ. ಲಷ್ಕರಿ ನ್ಯಾಯಾಲಯ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಬಿಡುಗಡೆಯಾಗಿದ್ದು 1941ರಲ್ಲಿ.

ಇಲ್ಲೊಂದು ಕಠಿಣ ಪ್ರಶ್ನೆಯಿದೆ, ಅದನ್ನು ನುಂಗಿಕೊಂಡು ಮುಂದೆ ಹೋಗಲಾರೆ. ಗಾಂಧೀಜಿಯೇ ಈ ನಿರಾಕರಣೆಯನ್ನು ಒಪ್ಪಲಿಲ್ಲ. ಗುಂಡು ಹಾರಿಸಲು ಒಪ್ಪದ ಸಿಪಾಯಿ ತಾನು ಮಾಡಿದ ಪ್ರತಿಜ್ಞೆಯನ್ನು ಮುರಿದಂತೆ, ನಾಳೆ ನಾವು ಅಧಿಕಾರಕ್ಕೆ ಬಂದಾಗಲೂ ಇದೇ ಸಿಪಾಯಿಗಳು ಬೇಕಾಗುತ್ತಾರೆ ಎಂಬರ್ಥದ ಮಾತನ್ನು ಅವರು ಒಬ್ಬ ಫ್ರೆಂಚ್ ಪತ್ರಕರ್ತರಿಗೆ ಹೇಳಿದರು. ಈ ಮಾತಿನಲ್ಲಿ ಹುರುಳಿದೆ. ತನಗೆ ಅನ್ನಿಸಿದಂತೆ ಪ್ರತಿಯೊಬ್ಬ ಬಂದೂಕುಧಾರಿಯೂ ಹುಕುಮನ್ನು ಆರಿಸಿಕೊಳ್ಳತೊಡಗಿದರೆ ದುರ್ಬಲರಿಗೆ ರಕ್ಷಣೆ ಇರುವುದಿಲ್ಲ. ಕೋಮು ಗಲಭೆಯಲ್ಲಿ ಗುಂಪನ್ನು ತಡೆಯಬೇಕಾದ ಪೇದೆ ನನ್ನ ಮನಸ್ಸು ಒಪ್ಪುತ್ತಿಲ್ಲ ಎಂದು ನಿಂತುಬಿಟ್ಟರೆ ಸಾಯುವವರು ಅಮಾಯಕರು. ಹಾಗಾದರೆ ಚಂದ್ರಸಿಂಗ್ ಮಾಡಿದ್ದು ತಪ್ಪೇ?

ತಪ್ಪಲ್ಲ ಎಂಬುದು ನನ್ನ ದೃಢವಾದ ನಿಲುವು. ಅದಕ್ಕೆ ಆಧಾರವನ್ನು ಆಳುವವರ ಕಾನೂನಿನಿಂದಲೇ ತೋರಿಸುತ್ತೇನೆ. 1860ರ ದಂಡಸಂಹಿತೆಯ 76ನೆಯ ಕಲಮಿನ ಕೆಳಗೊಂದು ಉದಾಹರಣೆಯಿದೆ: ಮೇಲಧಿಕಾರಿಯ ಹುಕುಮಿನಂತೆ ಗುಂಪಿನ ಮೇಲೆ ಗುಂಡು ಹಾರಿಸುವ ಸಿಪಾಯಿ ಅಪರಾಧಿಯಲ್ಲ. ಆದರೆ ಅದೇ ವಾಕ್ಯ ಒಂದು ಷರತ್ತನ್ನೂ ಇಡುತ್ತದೆ, ಹುಕುಂ ಕಾನೂನಿಗೆ ಅನುಗುಣವಾಗಿರಬೇಕು. 1861ರ ಪೊಲೀಸ್ ಕಾಯ್ದೆಯ 23ನೆಯ ಕಲಮೂ ಪಾಲಿಸಬೇಕೆಂದು ಹೇಳುವುದು ಕಾನೂನುಬದ್ಧವಾಗಿ ಹೊರಟ ಆದೇಶಗಳನ್ನು. ಅಂದರೆ ಹುಕುಮನ್ನು ತೂಗಿ ನೋಡುವ ಹೊಣೆ ಕಾಗದದ ಮೇಲೆ ಸಿಪಾಯಿಗೂ ಇತ್ತು. ತೂಗಿ ನೋಡಿದವನಿಗೆ ರಕ್ಷಣೆ ಮಾತ್ರ ಇರಲಿಲ್ಲ. ಕೇಳಲು ಜಾಗವೇ ಇಲ್ಲದ ಕಡೆ, ನಿರಾಯುಧ ಜನರ ಎದುರು, ಕ್ಷಣಮಾತ್ರದಲ್ಲಿ ಚಂದ್ರಸಿಂಗ್ ಆ ಜಾಗವನ್ನು ತಮ್ಮ ಮೈಯನ್ನೊಡ್ಡಿ ಮಾಡಿಕೊಂಡರು. ಅವರು ಬೇರೆಯವರ ಜೀವಕ್ಕೆ ಕೈ ಹಾಕಲಿಲ್ಲ, ತಪ್ಪಿಸಿಕೊಂಡು ಓಡಲಿಲ್ಲ, ಶಿಕ್ಷೆಯನ್ನು ಹೊತ್ತುಕೊಂಡರು. ಗಲಭೆಯಲ್ಲಿ ಕೈಕಟ್ಟಿ ನಿಲ್ಲುವ ಪೇದೆಗೂ ಅವರಿಗೂ ಇರುವ ವ್ಯತ್ಯಾಸ ಇದು: ಒಬ್ಬನ ಸುಮ್ಮನಿರುವಿಕೆಯ ಬೆಲೆಯನ್ನು ಬೇರೆಯವರು ತೆರುತ್ತಾರೆ, ಇನ್ನೊಬ್ಬರ ನಿರಾಕರಣೆಯ ಬೆಲೆಯನ್ನು ಅವರೇ ತೆತ್ತರು.

ಈ ನಾಲ್ಕು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಹುದ್ದೆ ದೊಡ್ಡದಾದಷ್ಟೂ ಮನಸ್ಸಾಕ್ಷಿಗೆ ತೆರಬೇಕಾದ ಬೆಲೆ ಕಡಿಮೆಯಾಗಿತ್ತು. ಹುದ್ದೆ ಸಣ್ಣದಾದಷ್ಟೂ ಹೆಚ್ಚಾಗಿತ್ತು. ಆದರೆ ನೆನಪಿನ ಲೆಕ್ಕದಲ್ಲಿ ಇದು ತಿರುವುಮುರುವಾಗಿದೆ. ಟೇಲರ್ ಅವರ ಆತ್ಮಕಥೆ, ಬ್ರೂಮ್‌ಫೀಲ್ಡ್ ಅವರ ತೀರ್ಪು, ಆರ್ವೆಲ್ಲರ ಪ್ರಬಂಧಗಳು ನಮ್ಮ ಗ್ರಂಥಾಲಯಗಳಲ್ಲಿವೆ. ಚಂದ್ರಸಿಂಗರ ಹೆಸರನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕೇಳಿಯೇ ಇಲ್ಲ. ಈ ಅಸಮತೋಲವನ್ನು ಸರಿಪಡಿಸುವುದು ನಮ್ಮಂಥ ಸಂಸ್ಥೆಗಳ ಕೆಲಸ.

ಕೊನೆಯದಾಗಿ, ಇಂದಿನ ಮಾತು. ಪರಕೀಯ ಆಳ್ವಿಕೆ ಹೋಗಿ ಮುಕ್ಕಾಲು ಶತಮಾನ ಕಳೆದಿದೆ, ಆದರೆ ಅದು ಕಟ್ಟಿದ ಹುಕುಮಿನ ಏಣಿಯನ್ನು ನಾವು ಪೂರ್ತಿ ಕಳಚಿಲ್ಲ. 124ಎ ಕಲಮಿನ ಬಳಕೆಯನ್ನು ಸುಪ್ರೀಂ ಕೋರ್ಟು ತಡೆಹಿಡಿದದ್ದು 2022ರಲ್ಲಿ. ದಂಡಸಂಹಿತೆಯ ಜಾಗದಲ್ಲಿ 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಗುಂಡು ಹಾರಿಸುವ ಸಿಪಾಯಿಯ ಆ ಉದಾಹರಣೆ ಉಳಿದಿದೆ. ಪೊಲೀಸ್ ವ್ಯವಸ್ಥೆಯನ್ನು ರಾಜಕೀಯ ಒತ್ತಡದಿಂದ ಬಿಡಿಸಲು 2006ರಲ್ಲಿ ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನಗಳು, ಅಂದರೆ ಪ್ರಮುಖ ಹುದ್ದೆಗಳಿಗೆ ನಿಶ್ಚಿತ ಅವಧಿ, ರಾಜ್ಯ ಭದ್ರತಾ ಆಯೋಗ, ದೂರು ಪ್ರಾಧಿಕಾರ, ಇವು ಇನ್ನೂ ಎಲ್ಲೆಡೆ ಮನಃಪೂರ್ವಕವಾಗಿ ಜಾರಿಯಾಗಿಲ್ಲ.

ವಿದ್ಯಾರ್ಥಿ ಮಿತ್ರರೆ, ನಿಮ್ಮಲ್ಲಿ ಕೆಲವರು ನಾಳೆ ಪೊಲೀಸ್ ಅಧಿಕಾರಿಗಳಾಗುತ್ತೀರಿ, ನ್ಯಾಯಾಧೀಶರಾಗುತ್ತೀರಿ, ತಹಸೀಲ್ದಾರರಾಗುತ್ತೀರಿ. ಧೈರ್ಯವಂತರಾಗಿರಿ ಎಂದಷ್ಟೇ ಹೇಳಿ ಕೂರುವುದು ಹಿರಿಯರ ಹೊಣೆಗೇಡಿತನವಾದೀತು. ಜೀವಾವಧಿ ಶಿಕ್ಷೆಯನ್ನು ಹೊರುವ ಎದೆಗಾರಿಕೆ ಎಲ್ಲರಲ್ಲೂ ಇರುವುದಿಲ್ಲ, ಇರಬೇಕೆಂದು ಬಯಸುವುದೂ ನ್ಯಾಯವಲ್ಲ. ಒಳ್ಳೆಯ ವ್ಯವಸ್ಥೆ ಸಾಮಾನ್ಯ ಧೈರ್ಯದ ಮನುಷ್ಯನಿಗೂ ಸರಿಯಾದದ್ದನ್ನು ಮಾಡಲು ಅವಕಾಶ ಕೊಡಬೇಕು. ಬಾಯಿಮಾತಿನ ಹುಕುಮನ್ನು ಬರೆದು ಕೊಡಿ ಎಂದು ಕೇಳಲು ಕೆಳಗಿನ ನೌಕರನಿಗೆ ಹಕ್ಕಿರಬೇಕು. ತನ್ನ ಆಕ್ಷೇಪವನ್ನು ಕಡತದಲ್ಲಿ ದಾಖಲಿಸಲು ಅವನಿಗೆ ಅವಕಾಶವಿರಬೇಕು. ಹಾಗೆ ದಾಖಲಿಸಿದ್ದಕ್ಕೆ ಮರುವಾರ ದೂರದ ಊರಿಗೆ ವರ್ಗವಾಗಬಾರದು. ನೀವು ಮೇಲಿನ ಕುರ್ಚಿಯಲ್ಲಿ ಕೂತಾಗ, ಕೆಳಗಿನ ಪೇದೆ ‘ಸ್ವಾಮಿ, ಇದು ಸರಿಯೇ?’ ಎಂದು ಹಗಲಿನಲ್ಲಿ, ಎಲ್ಲರೆದುರು ಕೇಳುವಂತಿರಬೇಕು. ಆ ಪ್ರಶ್ನೆಯನ್ನು ಅವಿಧೇಯತೆ ಎಂದು ಎಣಿಸದ ಕಚೇರಿಯನ್ನು ಕಟ್ಟಿ. ಪರಕೀಯರ ಆಳ್ವಿಕೆಗೂ ಪ್ರಜೆಗಳ ಆಳ್ವಿಕೆಗೂ ಇರಬೇಕಾದ ವ್ಯತ್ಯಾಸ ಅಲ್ಲಿಂದಲೇ ಶುರುವಾಗುತ್ತದೆ.